ಪುಡಿ ಬೆಲ್ಲ ಮಾಡುವವಳು ಸೊಸೆ, ನೋಂದಣಿ ಯಾರ ಹೆಸರಿಗೆ?

ಆಲೆಮನೆ ಸೊಸೆ (ಮದ್ದೂರು ತಾಲ್ಲೂಕು):

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಹದಿನೈದು ದಿನಗಳಿಂದ ಒಂದು ಮಾತು ಇತ್ಯರ್ಥವಾಗದೆ ಉಳಿದಿದೆ. ಅದನ್ನು ಜಗಳವೆಂದು ಕರೆಯಲಾರೆ, ಆದರೆ ಊಟಕ್ಕೆ ಕುಳಿತಾಗ ಯಾರೂ ಅದರ ಸುದ್ದಿ ಎತ್ತುತ್ತಿಲ್ಲ. ತಿಳಿದವರು ಹೇಳಲಿ ಎಂದು ಇಲ್ಲಿ ಬರೆಯುತ್ತಿದ್ದೇನೆ.

ವಿಶ್ವೇಶ್ವರಯ್ಯ ನಾಲೆಯ ನೀರಿಗೆ ಬರುವ ನಾಲ್ಕು ಎಕರೆ ಜಮೀನು ನಮ್ಮದು. ಎರಡು ಎಕರೆ ಕಬ್ಬು, ಒಂದು ಎಕರೆ ಭತ್ತ, ಮುಕ್ಕಾಲು ಎಕರೆ ಹಿಪ್ಪುನೇರಳೆ, ಉಳಿದ ಹತ್ತು ಗುಂಟೆಯಲ್ಲಿ ಹಸುಗಳಿಗೆ ಹುಲ್ಲು. ಕೊಟ್ಟಿಗೆಯಲ್ಲಿ ಎರಡು ಹಸುಗಳಿವೆ. ಮಾವನವರಿಗೂ ಅವರ ದಾಯಾದಿಗಳಿಗೂ ಸೇರಿದ ಒಂದು ಆಲೆಮನೆ ಇದೆ. ಪಹಣಿ ಮಾವನವರ ಹೆಸರಿನಲ್ಲಿದೆ, ಡೈರಿಯ ಪುಸ್ತಕ ಮತ್ತು ಸೊಸೈಟಿಯ ಸಾಲ ನನ್ನ ಯಜಮಾನರ ಹೆಸರಿನಲ್ಲಿವೆ.

ಮೂರು ವರ್ಷದ ಹಿಂದೆ ಅಚ್ಚು ಬೆಲ್ಲದ ಧಾರಣೆ ಕುಸಿದಾಗ ನಾನು ಪುಡಿ ಬೆಲ್ಲ ಮಾಡಿ ನೋಡಿದೆ. ಅಚ್ಚಿನ ಬೆಲ್ಲಕ್ಕಿಂತ ಇದಕ್ಕೆ ಪಾಕ ತುಸು ಮುಂದೆ ಹೋಗಬೇಕು, ಸುಮಾರು 120 ಡಿಗ್ರಿ ದಾಟಬೇಕು. ಕೊಪ್ಪರಿಗೆಯಿಂದ ಇಳಿಸಿದ ಮೇಲೆ ಅದು ಆರುವ ಮುನ್ನವೇ ಕೈಬಿಡದೆ ತಿರುವುತ್ತಾ ಇರಬೇಕು. ಒಂದು ಗಳಿಗೆ ತಡವಾದರೆ ಗಡ್ಡೆ ಕಟ್ಟುತ್ತದೆ, ಒಂದು ಗಳಿಗೆ ಮುಂಚೆಯಾದರೆ ಅಂಟಂಟಾಗಿ ಉಳಿಯುತ್ತದೆ. ಮೊದಲ ನಾಲ್ಕು ಪಾಕ ಕೆಟ್ಟವು. ಮಾವನವರು ಅವನ್ನು ತುಟಿಪಿಟಕ್ಕೆನ್ನದೆ ಮರುದಿನದ ಹಾಲಿಗೆ ಬೆರೆಸಿಕೊಂಡರು. (ನಮ್ಮ ಕಡೆ ಕಬ್ಬಿನ ರಸಕ್ಕೂ ಹಾಲು ಎನ್ನುತ್ತೇವೆ.) ಬಣ್ಣಕ್ಕೆ ಹಾಕುವ ಹೈಡ್ರೋಸ್ ಎಂಬ ರಾಸಾಯನಿಕವನ್ನು ಬಿಟ್ಟು ಬೆಂಡೆಗಿಡದ ಲೋಳೆಯಿಂದ ಕೊಳೆ ತೆಗೆಯುವುದನ್ನು ಅವರೇ ನನಗೆ ಕಲಿಸಿದರು. ಈಗ ತಿಂಗಳಿಗೆ ಒಂದೂವರೆ ಕ್ವಿಂಟಲ್ ಮೈಸೂರಿನಲ್ಲಿ ಪರಿಚಯದವರ ಮೂಲಕ ಹೋಗುತ್ತದೆ. 2023ರ ಜೂನಿನಿಂದ ಹೆಂಗಸರಿಗೆ ಸರ್ಕಾರಿ ಬಸ್ಸಿನ ಖರ್ಚು ಇಲ್ಲದ ಕಾರಣ ನಾನೇ ಚೀಲ ಹೊತ್ತು ಹೋಗಿಬರುತ್ತೇನೆ.

ಈಗ ಮೈಸೂರಿನ ಒಂದು ಅಂಗಡಿಯವರು ಚೀಟಿ ಅಂಟಿಸಿ, ಆಹಾರ ಸುರಕ್ಷತಾ ನೋಂದಣಿ ಸಂಖ್ಯೆ ಹಾಕಿ, ಬಿಲ್ಲು ಕೊಟ್ಟರೆ ಪ್ರತಿ ವಾರ ಕೊಳ್ಳುತ್ತೇವೆ ಎಂದಿದ್ದಾರೆ. ನೋಂದಣಿ ನನ್ನ ಹೆಸರಿಗೆ ಆಗಲಿ ಎಂದು ನಾನು ಕೇಳಿದೆ. ಅದಕ್ಕೆ ಮಾವನವರು, "ಕಬ್ಬು ನಮ್ಮದು, ಗಾಣ ನಮ್ಮದು, ಕೊಪ್ಪರಿಗೆ ನಮ್ಮದು. ಹೆಸರೊಂದು ಬೇರೆ ಯಾಕಮ್ಮ?" ಎಂದರು. ನನಗೆ ಉತ್ತರ ಹೊಳೆಯಲಿಲ್ಲ. ಯಜಮಾನರು ತಟ್ಟೆ ನೋಡುತ್ತಾ ಕುಳಿತಿದ್ದರು. ಹೆಸರು ಯಾರದಾದರೂ ಬೆಲ್ಲ ಅದೇ, ಮನೆಯೂ ಅದೇ. ಹಾಗಿದ್ದ ಮೇಲೆ ನಾನು ಕೇಳುತ್ತಿರುವುದು ತಪ್ಪೇ?

ನಾಲೆ ಬಯಲು (ಪಾಂಡವಪುರ):

ತಂಗಿ, ನಿಮ್ಮ ಮಾವನವರ ಮಾತಿನಲ್ಲಿ ದುರುದ್ದೇಶ ನನಗೆ ಕಾಣುವುದಿಲ್ಲ. ನಾನೂ ಅವರ ಜಾಗದಲ್ಲಿದ್ದರೆ ಹಾಗೆಯೇ ಕೇಳುತ್ತಿದ್ದೆನೋ ಏನೋ.

ಕೃಷಿಯ ಮನೆ ಒಂದು ಒಲೆಯ ಮನೆ. ಒಂದು ವರ್ಷ ಕಬ್ಬಿನ ಹಣ ತಡವಾದರೆ ಹಾಲಿನ ಬಟವಾಡೆಯಿಂದ ದಿನ ಕಳೆಯುತ್ತದೆ, ರೇಷ್ಮೆಗೂಡು ಕೈಕೊಟ್ಟರೆ ಭತ್ತ ಕಾಯುತ್ತದೆ. ನಾಲ್ಕು ಕಸುಬನ್ನು ಕೂಡಿಸಿ ನಡೆಸುವುದೇ ಒಂದರ ನಷ್ಟವನ್ನು ಇನ್ನೊಂದು ಹೊರಲಿ ಎಂದು. ಒಂದೊಂದಕ್ಕೂ ಒಂದೊಂದು ಹೆಸರು ಬರೆದುಕೊಂಡರೆ ಆ ಆಸರೆ ತಪ್ಪುತ್ತದೆ. ಮನೆಯೊಂದು ಮೂರು ಬಾಗಿಲು ಆಗುವುದು ಹೀಗೆಯೇ.

ಇನ್ನೊಂದು ಮಾತು. ಕಾಗದದಲ್ಲಿ ಹೆಸರಿಲ್ಲದವರಿಗೆ ಅಧಿಕಾರವೇ ಇಲ್ಲ ಎನ್ನುವುದನ್ನು ನಾನು ಒಪ್ಪಲಾರೆ. ಕಾಳು ತುಂಬಿಡುವ ವಾಡೆಯ ಬೀಗದ ಕೈ ನನ್ನ ತಾಯಿಯ ಸೊಂಟದಲ್ಲಿರುತ್ತಿತ್ತು. ರಾಗಿ ಎಷ್ಟು ಮಾರಬೇಕು, ಎಷ್ಟು ಉಳಿಸಬೇಕು, ಆಳಿಗೆ ಎಷ್ಟು ಅಳೆದುಕೊಡಬೇಕು ಎಂಬುದನ್ನೆಲ್ಲ ಅವರೇ ತೀರ್ಮಾನಿಸುತ್ತಿದ್ದರು. ನನ್ನ ತಂದೆ ಸಂತೆಗೆ ಹೊರಟಾಗ ಅವರಲ್ಲಿ ಹತ್ತು ರೂಪಾಯಿ ಕೇಳಿ ಪಡೆಯುತ್ತಿದ್ದರು. ಅವರ ಹೆಸರು ಯಾವ ಪಹಣಿಯಲ್ಲೂ ಇರಲಿಲ್ಲ.

ಹಿಪ್ಪುನೇರಳೆ (ಮಳವಳ್ಳಿ):

ಅಣ್ಣನವರೇ, ತಾಯಿಯವರ ಸೊಂಟದ ಬೀಗದ ಕೈಯನ್ನು ನಾನು ನಂಬುತ್ತೇನೆ, ನಮ್ಮ ಅಜ್ಜಿಯ ಬಳಿಯೂ ಇತ್ತು. ಒಂದೇ ಪ್ರಶ್ನೆ. ತಮ್ಮ ಮನೆಯಲ್ಲಿ ಕೊಳವೆಬಾವಿ ಕೊರೆಸಿದಾಗ, ಜಮೀನನ್ನು ಆಧಾರವಿಟ್ಟು ಸಾಲ ತಂದಾಗ, ಅಥವಾ ಒಂದು ತುಂಡು ಮಾರಿದಾಗ ಆ ಬೀಗದ ಕೈಯನ್ನು ಯಾರಾದರೂ ಕೇಳಿದ್ದರೆ? ವಾಡೆಯೊಳಗಿನ ರಾಗಿಯ ಮೇಲೆ ನಡೆಯುವ ಅಧಿಕಾರ ರಾಗಿ ಬೆಳೆಯುವ ನೆಲದ ಮೇಲೆ ನಡೆಯದಿದ್ದರೆ ಅದನ್ನು ಉಸ್ತುವಾರಿ ಎನ್ನಬಹುದು, ಒಡೆತನ ಎನ್ನಲಾಗದು.

ನನ್ನ ಕಸುಬು ರೇಷ್ಮೆ. ಇಪ್ಪತ್ತೊಂದು ವರ್ಷದಿಂದ ಹುಳು ಸಾಕುತ್ತಿದ್ದೇನೆ. ಹೆಂಗಸು ಎಷ್ಟು ದುಡಿದರೂ ಹಣದ ದಾರಿ ಹೇಗೆ ಬೇರೆಯಾಗಿ ಹೋಗುತ್ತದೆ ಎಂಬುದನ್ನು ಈ ಕಸುಬಿನಲ್ಲಿ ನೋಡಿದಷ್ಟು ಸ್ಪಷ್ಟವಾಗಿ ಬೇರೆಲ್ಲೂ ನೋಡಿಲ್ಲ. ಚಾಕಿ ಹುಳು, ಅಂದರೆ ಎಳೆಯ ಹುಳು, ಮನೆಗೆ ಬಂದಂದಿನಿಂದ ಗೂಡು ಬಿಡಿಸುವವರೆಗೆ ಮನೆಯ ಹೆಂಗಸು ಹುಳುವಿನ ಮನೆಯಲ್ಲೇ ಇರುತ್ತಾಳೆ. ನಾಲ್ಕನೆಯ ಜ್ವರದಿಂದ (ಹುಳು ಪೊರೆ ಕಳಚುವುದಕ್ಕೆ ಹಾಗೆನ್ನುತ್ತೇವೆ) ಹುಳು ಎದ್ದ ಮೇಲಿನ ಏಳೆಂಟು ದಿನಗಳಂತೂ ನಿದ್ದೆಯೇ ಇರುವುದಿಲ್ಲ. ಹುಳು ತನ್ನ ಜೀವಮಾನದಲ್ಲಿ ತಿನ್ನುವ ಸೊಪ್ಪಿನಲ್ಲಿ ನೂರಕ್ಕೆ 80 ಭಾಗಕ್ಕೂ ಹೆಚ್ಚನ್ನು ಆ ಏಳೆಂಟು ದಿನಗಳಲ್ಲೇ ತಿನ್ನುತ್ತದೆ. ಹುಳು ಮೇಯುವ ಸದ್ದು ಹೆಂಚಿನ ಮೇಲೆ ಸಣ್ಣ ಮಳೆ ಬಿದ್ದಂತೆ ಕೇಳುತ್ತದೆ. ರಾತ್ರಿ ಆ ಸದ್ದು ತಗ್ಗಿದರೆ ಸೊಪ್ಪು ಮುಗಿಯಿತೆಂದು ಎಚ್ಚರವಾಗುತ್ತದೆ. ಹಣ್ಣಾದ ಹುಳುವನ್ನು ಬೆಳಕಿಗೆ ಹಿಡಿದು ನೋಡಿ ಆರಿಸಿ, ಗೂಡು ಕಟ್ಟಲೆಂದು ಚಂದ್ರಿಕೆಯ ತಟ್ಟೆಗೆ ಬಿಡುವ ಕೈ ಯಾವತ್ತೂ ಹೆಂಗಸಿನದು.

ಗೂಡು ಬಿಡಿಸಿ ಚೀಲಕ್ಕೆ ತುಂಬಿದ ಕ್ಷಣದಿಂದ ಅದು ಗಂಡಸಿನದು. ರಾಮನಗರದ ಮಾರುಕಟ್ಟೆಗೆ ರಾತ್ರಿಯೇ ಗಾಡಿ ಹೊರಡುತ್ತದೆ. ಹರಾಜಿನಲ್ಲಿ ಯಾರ ಹೆಸರು ಬರೆಸಿರುತ್ತದೆಯೋ ಅವರ ಖಾತೆಗೆ ಹಣ ಬೀಳುತ್ತದೆ. ಹದಿನಾಲ್ಕು ವರ್ಷ ನಮ್ಮ ಗೂಡಿನ ಧಾರಣೆಯನ್ನು ನಾನು ಪಕ್ಕದ ಮನೆಯವರಿಂದ ಕೇಳಿ ತಿಳಿದಿದ್ದೇನೆ. ತರಬೇತಿಗೆ ಕರೆ ಬಂದರೂ ಅದು ಪುಸ್ತಕದಲ್ಲಿರುವ ಹೆಸರಿಗೇ ಬರುತ್ತಿತ್ತು. ನನ್ನ ಯಜಮಾನರು ಹೋಗಿ ಕುಳಿತು, ಊಟ ಮಾಡಿ, ಕಾಗದದ ಚೀಲದೊಂದಿಗೆ ಹಿಂದಿರುಗಿ, "ಏನೋ ಸುಣ್ಣದ ವಿಷಯ ಹೇಳಿದರು" ಎನ್ನುತ್ತಿದ್ದರು. ಆ ಸುಣ್ಣವನ್ನು ಹಾಸಿಗೆಯ ಮೇಲೆ ಎರಚಬೇಕಾದವಳು ನಾನು.

ಪ್ರಸಂಗಕ್ಕೆ ಸೇರದ ಒಂದು ಮಾತನ್ನೂ ಹೇಳಿಬಿಡುತ್ತೇನೆ. ಮುಟ್ಟಾದವರು ಹುಳುವಿನ ಮನೆಗೆ ಕಾಲಿಡಬಾರದೆಂಬ ಕಟ್ಟಳೆ ನಮ್ಮಲ್ಲಿ ಬಹಳ ಬಿಗಿಯಾಗಿತ್ತು. ನಾವು ಐವತ್ತು ಮೊಟ್ಟೆಯಿಂದ ಇನ್ನೂರು ಮೊಟ್ಟೆಗೆ (ಒಂದು ಚಿಟ್ಟೆ ಇಟ್ಟ ಮೊಟ್ಟೆಗಳ ಗುಂಪಿಗೆ ಒಂದು ಮೊಟ್ಟೆ ಎನ್ನುತ್ತೇವೆ) ಏರಿದ ವರ್ಷ ಆ ಕಟ್ಟಳೆ ಯಾರೂ ಹೇಳದೆ ಕೇಳದೆ ತಾನಾಗಿ ಹೋಯಿತು. ಕೈ ಬೇಕಾದಾಗ ಶಾಸ್ತ್ರ ಬಾಗುತ್ತದೆ. ಹೆಸರಿನ ವಿಷಯ ಬಂದಾಗ ಮಾತ್ರ ಬಾಗುವುದಿಲ್ಲ.

ಡೈರಿ ಲೆಕ್ಕ (ನಾಗಮಂಗಲ):

ನಾನು ಮಹಿಳಾ ಹಾಲು ಉತ್ಪಾದಕರ ಸಹಕಾರ ಸಂಘವೊಂದರ ಕಾರ್ಯದರ್ಶಿ. ಕಾಗದದಲ್ಲಿ ಹೆಸರು ಬಂದೊಡನೆ ಎಲ್ಲವೂ ಸರಿಹೋಗುತ್ತದೆ ಎಂದು ಯಾರಾದರೂ ತಿಳಿದಿದ್ದರೆ ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

1986-87ರಲ್ಲಿ ಕೇಂದ್ರ ಸರ್ಕಾರ ಹೆಂಗಸರ ತರಬೇತಿ ಮತ್ತು ಉದ್ಯೋಗಕ್ಕಾಗಿ ಸ್ಟೆಪ್ ಎಂಬ ಯೋಜನೆಯನ್ನು ತಂದ ಮೇಲೆ ಕರ್ನಾಟಕದಲ್ಲಿ ಹೆಂಗಸರದೇ ಆದ ಹಾಲಿನ ಸಂಘಗಳು ಬೆಳೆದವು. ನಮ್ಮ ಸಂಘದಲ್ಲಿ ಸದಸ್ಯರೆಲ್ಲರೂ ಹೆಂಗಸರು, ನಿರ್ದೇಶಕರೂ ಹೆಂಗಸರೇ. ಬೆಳಿಗ್ಗೆ ಕ್ಯಾನಿಗೆ ಹಾಲು ಸುರಿಯುವವರೂ ಅವರೇ. ಕೊಬ್ಬು 3.5, ಘನಾಂಶ 8.5 ಬರಲಿಲ್ಲವೆಂದು ಬೈಸಿಕೊಳ್ಳುವವರೂ ಅವರೇ. ಆದರೆ ನಾನು ಈ ಕೆಲಸಕ್ಕೆ ಸೇರಿದ ಹೊಸದರಲ್ಲಿ ಆಡಳಿತ ಮಂಡಳಿಯ ಸಭೆಗೆ ಗೆಜ್ಜಲಗೆರೆಯ ಜಿಲ್ಲಾ ಹಾಲು ಒಕ್ಕೂಟದಿಂದ ಮೇಲ್ವಿಚಾರಕರು ಬಂದರೆ ಅವರ ಎದುರಿನ ಕುರ್ಚಿಯಲ್ಲಿ ಅಧ್ಯಕ್ಷೆಯ ಯಜಮಾನರು ಕುಳಿತಿರುತ್ತಿದ್ದರು. ಅಧ್ಯಕ್ಷೆ ಒಳಗೆ ಕಾಫಿ ಬೆರೆಸುತ್ತಿದ್ದರು. ನಡವಳಿ ಪುಸ್ತಕವನ್ನು ಒಳಗೆ ಕಳಿಸಿ ಸಹಿ ಹಾಕಿಸುತ್ತಿದ್ದೆವು.

ಅದು ಬದಲಾದದ್ದು ಭಾಷಣದಿಂದಲ್ಲ, ಬಟವಾಡೆಯಿಂದ. ಹಣವನ್ನು ಕೈಯಲ್ಲಿ ಎಣಿಸಿ ಕೊಡುತ್ತಿದ್ದಾಗ ಯಾರು ಬಂದರೂ ಒಯ್ಯುತ್ತಿದ್ದರು. ಬ್ಯಾಂಕಿಗೆ ಹಾಕಲು ಶುರುವಾದಾಗ ಸದಸ್ಯೆಯ ಹೆಸರಿನ ಖಾತೆಯೇ ಬೇಕಾಯಿತು. ಮೊದಲ ತಿಂಗಳು ಹನ್ನೊಂದು ಮನೆಗಳಲ್ಲಿ ಗಲಾಟೆಯಾಯಿತು. ಮೂರನೆಯ ತಿಂಗಳಿಗೆ ಒಬ್ಬ ಸದಸ್ಯೆ ಬಂದು, "ನನ್ನ ಹಾಲಿನ ಕೊಬ್ಬು ಹೋದ ವಾರ ಯಾಕೆ ಇಳಿಯಿತು, ಚೀಟಿ ತೋರಿಸಿ" ಎಂದರು. ಅಲ್ಲಿಯವರೆಗೆ ಹಾಗೆ ಕೇಳಿದವರೇ ಇರಲಿಲ್ಲ. ನನಗೆ ಆ ದಿನ ಸ್ವಲ್ಪ ಕಸಿವಿಸಿಯಾಯಿತು ಎಂಬುದನ್ನೂ ಒಪ್ಪಿಕೊಳ್ಳುತ್ತೇನೆ, ಏಕೆಂದರೆ ಅವರು ಕೇಳಿದ್ದು ನನ್ನನ್ನೇ.

ಆದರೂ ಒಂದು ಬಾಗಿಲು ಇನ್ನೂ ಮುಚ್ಚಿದೆ. ಹಸುವಿಗೆ ಮೇವು ಹಾಕುವುದು, ಕರು ಹಾಕಿಸುವುದು, ಬೆದೆಗೆ ಬಂದದ್ದನ್ನು ಗುರುತಿಸುವುದು ಎಲ್ಲವೂ ಹೆಂಗಸಿನ ತೀರ್ಮಾನ. ಹಸುವನ್ನು ಮಾರುವುದು ಮಾತ್ರ ಗಂಡಸಿನದು. ದನದ ಜಾತ್ರೆಯಲ್ಲಿ ವ್ಯಾಪಾರ ಹೇಗೆ ನಡೆಯುತ್ತದೆಂದು ನೋಡಿದ್ದೀರಲ್ಲ? ಟವೆಲಿನ ಕೆಳಗೆ ಒಬ್ಬರ ಬೆರಳನ್ನು ಒಬ್ಬರು ಹಿಡಿದು ಬೆಲೆ ಹೇಳುತ್ತಾರೆ. ಆ ಟವೆಲಿನೊಳಗೆ ಹೆಂಗಸು ಕೈ ಹಾಕುವಂತಿಲ್ಲ. ತಾನೇ ಸಾಕಿದ ಹಸು ಎಷ್ಟಕ್ಕೆ ಹೋಯಿತೆಂಬುದು ಗಂಡ ಮನೆಗೆ ಬಂದು ಹೇಳಿದಷ್ಟೇ.

ಬಸರಾಳು ರಸ್ತೆ:

ಮಾತೆಲ್ಲ ಸರಿ. ಆದರೆ ನಮ್ಮ ಊರಿನ ಎಷ್ಟೋ ಮನೆಗಳಲ್ಲಿ ಹೆಂಗಸಿನ ಹೆಸರಿಗೇ ಬರುವ ಮೊದಲ ಹಣ ಗೃಹಲಕ್ಷ್ಮಿಯ ಎರಡು ಸಾವಿರ. ಅದನ್ನು ಸರ್ಕಾರ ಕೊಡುತ್ತಿದೆ. ಇಪ್ಪತ್ತು ವರ್ಷ ದುಡಿದ ಹೊಲ ಕೊಡಲಿಲ್ಲ. ಇಷ್ಟೇ ಹೇಳಬೇಕಾದದ್ದು.

ಮೈಸೂರಿನ ವಕೀಲೆ:

ಮೂಲ ಪ್ರಶ್ನೆ ಕೇಳಿದ ಸೋದರಿಗೆ ಕಾನೂನಿನ ಕಡೆಯಿಂದ ಕೆಲವು ಮಾತು. ಇಲ್ಲಿ ನೆಲ ಮತ್ತು ಉದ್ಯಮ ಒಂದರೊಳಗೊಂದು ಬೆರೆತುಹೋಗಿವೆ. ಬಿಡಿಸಿ ನೋಡಿದರೆ ತಮ್ಮ ಮಾವನವರಿಗೂ ಸಮಾಧಾನವಾಗಬಹುದು.

ನೆಲದ ವಿಷಯದಲ್ಲಿ ಸೊಸೆಗೆ ಗಂಡನ ಮನೆಯ ಒಟ್ಟು ಕುಟುಂಬದ ಆಸ್ತಿಯಲ್ಲಿ ಹುಟ್ಟಿನಿಂದ ಬರುವ ಹಕ್ಕಿಲ್ಲ. ಅಂಥ ಹಕ್ಕು ತಮಗಿರುವುದು ತವರಿನಲ್ಲಿ. ಕರ್ನಾಟಕದ ತಿದ್ದುಪಡಿ 1994ರ ಜುಲೈ 30ರಿಂದಲೇ ಮಗಳಿಗೆ ಮಗನಷ್ಟೇ ಹಕ್ಕು ಕೊಟ್ಟಿತ್ತು, ಆದರೆ ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತ್ತು. 2005ರ ಸೆಪ್ಟೆಂಬರ್ 9ರಿಂದ ಜಾರಿಗೆ ಬಂದ ಕೇಂದ್ರದ ತಿದ್ದುಪಡಿ ಆ ಭೇದವನ್ನು ತೆಗೆಯಿತು. ಆ ದಿನ ತಂದೆ ಬದುಕಿರಲೇಬೇಕೆಂಬ ನಿಯಮವೇನೂ ಇಲ್ಲ ಎಂದು 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2004ರ ಡಿಸೆಂಬರ್ 20ಕ್ಕೆ ಮುಂಚೆ ನೋಂದಾಯಿತ ಪತ್ರದ ಮೂಲಕವೋ ನ್ಯಾಯಾಲಯದ ಡಿಕ್ರಿಯ ಮೂಲಕವೋ ಭಾಗವಾಗಿದ್ದರೆ ಅದನ್ನು ಕೆದಕುವಂತಿಲ್ಲ. ಕಾನೂನು ಹೀಗಿದ್ದರೂ ನನ್ನ ಮೇಜಿನ ಮೇಲೆ ಬರುವ ಕಾಗದಗಳಲ್ಲಿ ಹೆಚ್ಚಿನವು ಹಕ್ಕು ಬಿಡುಗಡೆ ಪತ್ರಗಳು. "ಅರಿಶಿನ ಕುಂಕುಮದ ಬಾಬ್ತು ಹಣ ಪಡೆದು" ಎಂಬ ಸಾಲು ಅವುಗಳಲ್ಲಿ ತಪ್ಪದೆ ಇರುತ್ತದೆ. ಸಹಿ ಹಾಕಲು ಬಂದ ಹೆಣ್ಣುಮಕ್ಕಳನ್ನು ಒಬ್ಬರನ್ನೇ ಕೂರಿಸಿ ಕೇಳಿದರೆ, "ತವರಿನ ಬಾಗಿಲು ಮುಚ್ಚುವುದು ಬೇಡ ಮೇಡಂ" ಎನ್ನುತ್ತಾರೆ. ದೇಶದ ಕೃಷಿ ಗಣತಿ 2015-16ರಲ್ಲಿ ಹಿಡುವಳಿದಾರರ ಪೈಕಿ ಹೆಂಗಸರು ನೂರಕ್ಕೆ ಸುಮಾರು 14 ಮಾತ್ರ ಎಂದು ಲೆಕ್ಕ ಸಿಕ್ಕಿದ್ದರ ಹಿಂದೆ ಇಂಥ ಸಹಿಗಳೂ ಇವೆ.

ಪಹಣಿಯ ಒಂಬತ್ತನೆಯ ಅಂಕಣದಲ್ಲಿ, ಅಂದರೆ ಒಡೆಯರ ಅಂಕಣದಲ್ಲಿ, ಹೆಸರಿಲ್ಲದವರಿಗೆ ಬೆಳೆಸಾಲ ಹುಟ್ಟುವುದು ಕಷ್ಟ. ಪಿಎಂ ಕಿಸಾನ್‌ನ ವರ್ಷದ ಆರು ಸಾವಿರ ಬರುವುದೂ ಜಮೀನಿನ ಹೆಸರು ಇರುವವರಿಗೆ. ರೈತರ ಗುರುತಿನ ಎಫ್‌ಐಡಿ ಸಂಖ್ಯೆಯೂ ಪಹಣಿಗೆ ಜೋಡಣೆಯಾಗುತ್ತದೆ. ಸರ್ಕಾರದ ಕಣ್ಣಿಗೆ ರೈತ ಎಂದರೆ ಆ ಅಂಕಣದಲ್ಲಿರುವ ಹೆಸರು.

ಉದ್ಯಮ ಹಾಗಲ್ಲ. ಬೆಲ್ಲ ಪುಡಿ ಮಾಡಿ ಮಾರಲು ತಾವು ಜಮೀನಿನ ಒಡತಿಯಾಗಿರಬೇಕಿಲ್ಲ. ಕಬ್ಬನ್ನು ಮನೆಯಿಂದಲೇ ಕೊಳ್ಳಬಹುದು, ಯಾವ ರೈತರಿಂದಲೂ ಕೊಳ್ಳಬಹುದು. ಆಹಾರ ನೋಂದಣಿ ಮತ್ತು ಸಣ್ಣ ಉದ್ಯಮಗಳಿಗಾಗಿ ಕೇಂದ್ರ ಸರ್ಕಾರ ಮಾಡಿರುವ ಉದ್ಯಮ್ ನೋಂದಣಿ ಎರಡೂ ವ್ಯಕ್ತಿಯ ಹೆಸರಿನಲ್ಲಿ ಆಗುತ್ತವೆ. ಉದ್ಯಮ್‌ಗೆ ಶುಲ್ಕವಿಲ್ಲ, ಆಧಾರ್ ಮತ್ತು ಪ್ಯಾನ್ ಸಾಕು. ಸ್ಥಳದ ವಿಷಯದಲ್ಲಿ ಮಾತ್ರ ಎಚ್ಚರವಿರಲಿ. ನಮ್ಮ ರಾಜ್ಯದ ಭೂ ಸುಧಾರಣಾ ಕಾಯ್ದೆಯ ಪ್ರಕಾರ ಕೃಷಿ ಜಮೀನನ್ನು ಗೇಣಿಗೆ ಕೊಡುವಂತಿಲ್ಲ. ಆದ್ದರಿಂದ ಹೊಲದ ತುಂಡಿಗೆ ಮಾವನಿಂದ ಸೊಸೆ ಕರಾರು ಬರೆಸಿಕೊಳ್ಳುವ ಉಪಾಯ ಬೇಡ. ಗ್ರಾಮಠಾಣೆಯೊಳಗಿನ (ಊರಿನ ವಾಸದ ಎಲ್ಲೆಯೊಳಗಿನ) ಮನೆಗೆ ಪಂಚಾಯಿತಿಯ ಇ-ಸ್ವತ್ತಿನ ದಾಖಲೆ ಇದ್ದರೆ ಮನೆಯ ಒಂದು ಕೋಣೆಯನ್ನು ಬಳಸಿಕೊಳ್ಳಲು ಮಾವನವರ ಒಪ್ಪಿಗೆ ಪತ್ರ ತೆಗೆದುಕೊಳ್ಳಿ, ಅದು ನೇರವಾದ ದಾರಿ.

ತಾವು ಸಂಪಾದಿಸಿ ತಮ್ಮ ಹೆಸರಿನಲ್ಲಿ ಹೊಂದಿದ್ದು ಹಿಂದೂ ಉತ್ತರಾಧಿಕಾರ ಕಾಯ್ದೆಯ 14ನೆಯ ಕಲಮಿನ ಪ್ರಕಾರ ಪೂರ್ತಿಯಾಗಿ ತಮ್ಮದೇ. ಅದೇ ನೋಂದಣಿ ಯಜಮಾನರ ಹೆಸರಿನಲ್ಲಾದರೆ ತಾವು ಮಾಡುವುದೆಲ್ಲ ಕಾಗದದ ಮೇಲೆ ಮನೆಗೆಲಸ. ಮುಂದೆ ಸಾಲ ಬೇಕಾದಾಗ ಬ್ಯಾಂಕು ನೋಡುವುದು ಮೂರು ವರ್ಷದ ವಹಿವಾಟು ಯಾರದ್ದು ಎಂಬುದನ್ನು. ಕಿರು ಆಹಾರ ಉದ್ಯಮಗಳಿಗಾಗಿ 2020ರಲ್ಲಿ ಬಂದ ಕೇಂದ್ರದ ಪಿಎಂಎಫ್‌ಎಂಇ ಯೋಜನೆಯಲ್ಲಿ ಮಂಡ್ಯ ಜಿಲ್ಲೆಗೆ ಗೊತ್ತುಮಾಡಿದ ಉತ್ಪನ್ನ ಬೆಲ್ಲವೇ, ಮೈಸೂರಿಗೆ ಬಾಳೆ. ಯೋಜನೆಯ ವೆಚ್ಚದ ನೂರಕ್ಕೆ 35ರಷ್ಟನ್ನು, 10 ಲಕ್ಷ ರೂಪಾಯಿ ಮಿತಿಗೆ, ಸಾಲಕ್ಕೆ ಜೋಡಿಸಿ ಸಹಾಯಧನವಾಗಿ ಕೊಡುವ ಏರ್ಪಾಡು ಅದರದು. ಅಂಥ ಅರ್ಜಿಯಲ್ಲಿ ಅರ್ಜಿದಾರರು ಯಾರು ಎಂಬ ಅಂಕಣ ಮೊದಲಿನದು.

ಕೆ.ಆರ್. ಪೇಟೆ ಅಜ್ಜಿ (ಬರೆದುಕೊಟ್ಟವಳು ಮೊಮ್ಮಗಳು):

ನನಗೆ ಎಪ್ಪತ್ತಮೂರು ವರ್ಷ. ಮೊಮ್ಮಗಳು ಇದನ್ನೆಲ್ಲ ಓದಿ ಹೇಳಿದಳು. ನನಗೆ ತೋಚಿದ್ದನ್ನು ಹೇಳುತ್ತೇನೆ, ಅವಳು ಪುಸ್ತಕದ ಭಾಷೆಯಲ್ಲಿ ಬರೆಯುತ್ತಾಳೆ.

ನಾನು ಈ ಮನೆಗೆ ಬಂದಾಗ ಎರಡು ಎಮ್ಮೆ ಇದ್ದವು. ಹಾಲನ್ನು ಹೆಪ್ಪು ಹಾಕಿ, ಕಡೆದು, ಬೆಣ್ಣೆ ತೆಗೆದು, ತುಪ್ಪ ಕಾಯಿಸಿ ಸಂತೆಗೆ ಕೊಂಡುಹೋಗುತ್ತಿದ್ದೆ. ಆ ದುಡ್ಡು ನನ್ನ ಸೆರಗಿನ ಗಂಟಿನಲ್ಲಿ ಇರುತ್ತಿತ್ತು. ಕೋಳಿಯದು, ಹುಣಸೆಹಣ್ಣಿನದು, ಹಿತ್ತಲಿನ ಕುಂಬಳಕಾಯಿಯದು ಎಲ್ಲವೂ ಅಲ್ಲಿಗೇ ಸೇರುತ್ತಿದ್ದವು. ಆ ಗಂಟಿಗೆ ಯಾರೂ ಲೆಕ್ಕ ಕೇಳುತ್ತಿರಲಿಲ್ಲ, ಏಕೆಂದರೆ ಅದು ಚಿಲ್ಲರೆ ಎಂದು ಎಲ್ಲರ ಎಣಿಕೆ. ಆ ಚಿಲ್ಲರೆಯಲ್ಲೇ ನನ್ನ ಇಬ್ಬರು ಮಕ್ಕಳ ಪರೀಕ್ಷೆಯ ಶುಲ್ಕ ಕಟ್ಟಿದ್ದೇನೆ. ಊರಿಗೆ ಡೈರಿ ಬಂತು. ಒಳ್ಳೆಯದೇ ಆಯಿತು, ಕಡೆಯುವ ಕೆಲಸ ತಪ್ಪಿತು, ದುಡ್ಡು ಹೆಚ್ಚಾಯಿತು. ಆದರೆ ಡೈರಿಗೆ ಒಂದು ಪುಸ್ತಕ ಬೇಕಿತ್ತು, ಪುಸ್ತಕಕ್ಕೆ ಒಂದು ಹೆಸರು ಬೇಕಿತ್ತು. ಮನೆಯವರ ಹೆಸರು ಬರೆಸಿದರು. ನಾನೇ ಹೇಳಿದೆ, ಬರೆಸಿ ಎಂದು. ಅಂದಿನಿಂದ ನನ್ನ ಸೆರಗಿಗೆ ಗಂಟು ಬೀಳಲಿಲ್ಲ. ಚಿಲ್ಲರೆಯಾಗಿದ್ದಷ್ಟು ದಿನ ನನ್ನದಾಗಿತ್ತು, ದೊಡ್ಡದಾದ ದಿನ ಮನೆಯದಾಯಿತು.

ಮದ್ದೂರಿನ ಮಗಳೇ, ನಿನ್ನ ಬೆಲ್ಲಕ್ಕೂ ಈಗ ಪುಸ್ತಕ ಬರುವ ದಿನ.

ಇನ್ನೊಂದನ್ನೂ ಹೇಳಬೇಕು, ಹೇಳದಿದ್ದರೆ ಮೊಮ್ಮಗಳು ಬಿಡುವುದಿಲ್ಲ. ನನ್ನ ಸೊಸೆಗೆ ಬೀರುವಿನ ಬೀಗದ ಕೈಯನ್ನು ನಾನು ಹದಿನೆಂಟು ವರ್ಷ ಕೊಡಲಿಲ್ಲ. ಅವಳು ಕೇಳಲೂ ಇಲ್ಲ. ಮಂಡಿ ಆಪರೇಷನ್‌ಗೆ ಆಸ್ಪತ್ರೆಗೆ ಸೇರಿಕೊಂಡ ದಿನ ಕೊಟ್ಟೆ. ವಾಪಸು ಬಂದು ಕೇಳಿದೆ, ಅವಳು ಕೊಟ್ಟಳು. ಈಗ ನೆನೆದರೆ ನಾಚಿಕೆಯಾಗುತ್ತದೆ.

ನಾಟಿ ಗುಂಪು (ಶ್ರೀರಂಗಪಟ್ಟಣ):

ಇಷ್ಟು ಹೊತ್ತು ಓದಿದೆ. ಪಹಣಿಯಲ್ಲಿ ಗಂಡನ ಹೆಸರಿರಲಿ, ಹೆಂಡತಿಯ ಹೆಸರಿರಲಿ, ಯಾವ ಪಹಣಿಯಲ್ಲೂ ಇಲ್ಲದವರ ಮಗಳು ನಾನು. ನನ್ನ ತಾಯಿ ನಾಟಿ ಕೆಲಸದ ಗುಂಪಿನಲ್ಲಿ ಹೋಗುತ್ತಾರೆ, ಕಬ್ಬಿನ ತರಗು ಬಿಡಿಸುತ್ತಾರೆ, ಹುಳುವಿನ ಮನೆಗೆ ಸೊಪ್ಪು ಕೊಯ್ದು ಹೊರುತ್ತಾರೆ. ಈ ಚರ್ಚೆಯಲ್ಲಿ ಬಂದ ಪ್ರತಿಯೊಂದು ಕಸುಬಿನಲ್ಲೂ ಅವರ ಕೈ ಇದೆ. ಗಂಡಾಳಿಗೆ ಒಂದು ಕೂಲಿ, ಹೆಣ್ಣಾಳಿಗೆ ಅದಕ್ಕಿಂತ ಕಡಿಮೆ ಕೂಲಿ ಎಂಬುದು ನಮ್ಮ ಕಡೆ ಇವತ್ತಿಗೂ ನಡೆಯುತ್ತಿದೆ. ಸಮಾನ ವೇತನದ ಕಾಯ್ದೆ ಬಂದದ್ದು 1976ರಲ್ಲಿ.

ನಮ್ಮ ಅನುಭವದಲ್ಲಿ ಕೂಲಿಯನ್ನು ಹೆಚ್ಚು ಕೊಸರಾಡಿ ಕೊಡುವವರು ಮನೆಯ ಯಜಮಾನಿಯರೇ. ಅವರಿಗೆ ಕೈಬಿಚ್ಚಿ ಕೊಡುವ ಅಧಿಕಾರ ಇಲ್ಲದಿರಬಹುದು, ಅದನ್ನು ನಾನು ಅರ್ಥಮಾಡಿಕೊಳ್ಳಬಲ್ಲೆ. ಆದರೂ ಮದ್ದೂರಿನ ಅಕ್ಕನವರನ್ನು ಕೇಳುತ್ತೇನೆ. ತಿಂಗಳಿಗೆ ಒಂದೂವರೆ ಕ್ವಿಂಟಲ್ ಪುಡಿ ಬೆಲ್ಲವನ್ನು ನೀವೊಬ್ಬರೇ ತಿರುವಿ ಜರಡಿ ಹಿಡಿಯುತ್ತೀರಾ?

ಆಲೆಮನೆ ಸೊಸೆ:

ಇಲ್ಲ ತಂಗಿ, ನಾನೊಬ್ಬಳೇ ಅಲ್ಲ. ನೀವು ಕೇಳಿದ ಮೇಲೆ ನನಗೆ ಹೊಳೆಯಿತು, ಮೊದಲ ಬರಹದಲ್ಲಿ ಅವರ ಪ್ರಸ್ತಾಪವನ್ನೇ ಮಾಡಿಲ್ಲ. ನಮ್ಮ ಬೀದಿಯ ಕೊನೆಯ ಮನೆಗಳಿಂದ ಇಬ್ಬರು ಬರುತ್ತಾರೆ. ಗಾಣದ ಕೆಲಸಕ್ಕೆ ಉತ್ತರ ಪ್ರದೇಶದಿಂದ ಬಂದ ಗಂಡಾಳುಗಳಿದ್ದಾರೆ. ಅವರ ಲೆಕ್ಕವನ್ನು ಮಾವನವರು ಚುಕ್ತಾ ಮಾಡುತ್ತಾರೆ. ಜರಡಿಯ ಇಬ್ಬರಿಗೆ ನಾನು ಕೊಡುತ್ತೇನೆ, ಗಂಡಾಳಿನ ಕೂಲಿಗಿಂತ ನೂರೈವತ್ತು ಕಡಿಮೆ ಮತ್ತು ಒಂದು ಕೆ.ಜಿ. ಬೆಲ್ಲ. ಅದು ಹೇಗೆ ಗೊತ್ತಾಯಿತು ಎಂದು ಕೇಳಿದರೆ ನನ್ನಲ್ಲಿ ಉತ್ತರವಿಲ್ಲ, ಊರಿನಲ್ಲಿ ಹಾಗೆ ನಡೆಯುತ್ತಿತ್ತು, ನಾನೂ ಹಾಗೆ ಕೊಟ್ಟೆ.

ನಾಲೆ ಬಯಲು:

ಎರಡು ದಿನ ಸುಮ್ಮನಿದ್ದೆ. ಮಳವಳ್ಳಿಯ ತಂಗಿ ಕೇಳಿದ ಪ್ರಶ್ನೆಗೆ ಉತ್ತರಿಸುವುದು ನ್ಯಾಯ. ಕೊಳವೆಬಾವಿ ಕೊರೆಸಿದಾಗ ನನ್ನ ತಾಯಿಯನ್ನು ಯಾರೂ ಕೇಳಲಿಲ್ಲ. ಬದಲಿಗೆ ಅವರ ಎರಡು ಬಳೆಯನ್ನು ಕೇಳಿದೆವು.

ಆದರೂ ನನ್ನ ಮೊದಲ ಮಾತನ್ನು ಪೂರ್ತಿ ಬಿಟ್ಟುಕೊಡಲಾರೆ. ಹೆಸರನ್ನು ಬೇರೆ ಮಾಡುವುದಾದರೆ ಲೆಕ್ಕವೂ ಬೇರೆಯಾಗಬೇಕು. ಮನೆಯ ಕಬ್ಬನ್ನು ಪುಕ್ಕಟೆ ತೆಗೆದುಕೊಂಡು ಬಂದ ಹಣವನ್ನೆಲ್ಲ ಲಾಭವೆಂದುಕೊಂಡರೆ ಅದು ಮಾವನವರ ಬೆವರಿಗೆ ಬೆಲೆ ಕಟ್ಟದಂತೆ ಆಗುತ್ತದೆ. ಕಬ್ಬಿಗೆ ಪೇಟೆಯ ಧಾರಣೆ ಹಾಕಿ, ಗಾಣಕ್ಕೆ ಬಾಡಿಗೆ ಹಾಕಿ, ಆಮೇಲೆ ಏನು ಉಳಿಯುತ್ತದೆ ನೋಡಿ. ಒಂದು ಟನ್ ಕಬ್ಬಿಗೆ ಸುಮಾರು ಒಂದು ಕ್ವಿಂಟಲ್ ಬೆಲ್ಲ. ಆ ಲೆಕ್ಕವನ್ನು ಮಾವನವರ ಎದುರು ಕುಳಿತು ಬರೆಯಿರಿ. ಅವರು ಕೇಳಿದ ಪ್ರಶ್ನೆಗೆ ಅದೇ ಉತ್ತರವಾಗಬಹುದು.

ವಕೀಲೆಯವರ ಬರಹದ ಅರಿಶಿನ ಕುಂಕುಮದ ಸಾಲನ್ನು ಓದಿದಾಗಿನಿಂದ ನನ್ನ ತಂಗಿಯ ನೆನಪು ಬರುತ್ತಿದೆ. 2011ರಲ್ಲಿ ಅವಳಿಂದಲೂ ಸಹಿ ಹಾಕಿಸಿದ್ದೇವೆ. ಅದರ ಬಗ್ಗೆ ಇಲ್ಲಿ ಇಷ್ಟೇ.

ಆಲೆಮನೆ ಸೊಸೆ (ಎರಡೂವರೆ ತಿಂಗಳ ನಂತರ):

ಕೇಳಿದವರಿಗೆಲ್ಲ ಮುಂದಿನದನ್ನು ಹೇಳುವುದು ನನ್ನ ಕರ್ತವ್ಯ.

ಪಾಂಡವಪುರದ ಅಣ್ಣನವರು ಹೇಳಿದಂತೆ ಒಂದು ಭಾನುವಾರ ಮಾವನವರೊಂದಿಗೆ ಜಗಲಿಯಲ್ಲಿ ಕುಳಿತು ಮಗಳ ನೋಟ್‌ಬುಕ್ಕಿನಲ್ಲಿ ಲೆಕ್ಕ ಬರೆದೆ. ಒಂದು ಟನ್ ಕಬ್ಬಿಗೆ ನೂರು ಕೆ.ಜಿ. ಪುಡಿ, ಕೆ.ಜಿ.ಗೆ 80ರಂತೆ ಎಂಟು ಸಾವಿರ. ಕಬ್ಬಿಗೆ 3,200, ಗಾಣ ಮತ್ತು ಆಳಿಗೆ 1,800, ಕವರಿಗೆ 400. ಜರಡಿಯ ಇಬ್ಬರಿಗೆ ಗಂಡಾಳಿನಷ್ಟೇ ಕೂಲಿ ಹಾಕಿದಾಗ 900. ಉಳಿದದ್ದು 1,700. ಕಬ್ಬಿಗೆ ಬೆಲೆ ಹಾಕದೆ ಇಷ್ಟು ದಿನ ನಾನು ಟನ್ನಿಗೆ ಐದು ಸಾವಿರದ ಹತ್ತಿರ ಲಾಭವೆಂದುಕೊಂಡಿದ್ದೆ. ತಿಂಗಳಿಗೆ ಒಂದೂವರೆ ಕ್ವಿಂಟಲಿಗೆ 2,550 ಆಯಿತು. ಮಾವನವರು ಕನ್ನಡಕ ತೆಗೆದು, "ಗೃಹಲಕ್ಷ್ಮಿಗಿಂತ ಐನೂರೈವತ್ತು ಮೇಲು" ಎಂದು ನಕ್ಕರು. ನನಗೆ ಅಷ್ಟಾಗಿ ನಗು ಬರಲಿಲ್ಲ. ಆದರೆ ಕಬ್ಬಿನ 3,200 ಎಂಬ ಅಂಕಿಯನ್ನು ಅವರು ಎರಡು ಸಲ ಬೆರಳಿನಿಂದ ಮುಟ್ಟಿದರು. ಅವರ ಕಬ್ಬಿಗೆ ಮನೆಯೊಳಗೆ ಯಾರೂ ಇದುವರೆಗೆ ಬೆಲೆ ಬರೆದಿರಲಿಲ್ಲವಂತೆ. ಮರುದಿನ ಹಿಂದಿನ ಕೋಣೆಗೆ ಒಪ್ಪಿಗೆ ಪತ್ರ ಬರೆದು, ಸಹಿ ಹಾಕಿ, ದೇವರ ಗೂಡಿನಲ್ಲಿಟ್ಟಿದ್ದರು. ನನ್ನ ಕೈಗೆ ಕೊಡಲಿಲ್ಲ, ನಾನೇ ದೀಪ ಹಚ್ಚುವಾಗ ನೋಡಿದೆ.

ಉದ್ಯಮ್ ನೋಂದಣಿಗೆ ಮದ್ದೂರಿನ ಸೈಬರ್ ಅಂಗಡಿಗೆ ಹೋದೆ. ಆಧಾರ್ ಸಂಖ್ಯೆ ಹಾಕಿದರೆ ಓಟಿಪಿ ಹೋದದ್ದು ನನ್ನ ಯಜಮಾನರ ಮೊಬೈಲಿಗೆ. ಹತ್ತು ವರ್ಷದ ಹಿಂದೆ ಆಧಾರ್ ಮಾಡಿಸಿದಾಗ ಮನೆಯಲ್ಲಿದ್ದದ್ದು ಅದೊಂದೇ ಮೊಬೈಲು. ಅವರು ಗದ್ದೆಗೆ ನೀರು ಕಟ್ಟುವ ಸರದಿಯಲ್ಲಿದ್ದರು, ಮೊಬೈಲನ್ನು ಪಂಚೆಗೆ ಸುತ್ತಿ ಬದುವಿನ ಮೇಲಿಟ್ಟಿದ್ದರಂತೆ. ಮೂರು ಸಲ ಓಟಿಪಿ ಕಳಿಸಿದರು, ಮೂರೂ ಅವಧಿ ಮೀರಿ ಹೋದವು. ಅಂಗಡಿಯ ಹುಡುಗ, "ಯಜಮಾನರನ್ನು ಕರೆದುಕೊಂಡೇ ಬನ್ನಿ ಅಕ್ಕಾ" ಎಂದ. ನನ್ನ ಬ್ಯಾಂಕ್ ಖಾತೆಗೂ ಅದೇ ಸಂಖ್ಯೆ, ಮಗಳ ಶಾಲೆಯಲ್ಲಿ ಕೊಟ್ಟಿರುವುದೂ ಅದೇ ಸಂಖ್ಯೆ. ಒಂದೊಂದಾಗಿ ಬದಲಾಯಿಸಲು ಹನ್ನೆರಡು ದಿನ ಹಿಡಿಯಿತು. ಯಜಮಾನರು ಬೇಡವೆನ್ನಲಿಲ್ಲ. ಎರಡು ಸಲ ಅವರೇ ಗಾಡಿಯಲ್ಲಿ ಕರೆದುಕೊಂಡು ಹೋದರು. ಆದರೆ ಹಣ ಜಮೆಯಾದ ಸಂದೇಶ ಈಗ ತಮಗೆ ಬರುವುದಿಲ್ಲವೆಂಬುದು ಅವರಿಗೆ ಮೊದಲ ಸಲ ತಿಳಿದಾಗ ಮುಖ ಸ್ವಲ್ಪ ಬಾಡಿದ್ದನ್ನು ನೋಡಿದೆ. ಆ ರಾತ್ರಿ ನಾನೇ ಮೊಬೈಲು ತೆಗೆದು ತೋರಿಸಿದೆ. ತೋರಿಸಬೇಕಿತ್ತೋ ಇಲ್ಲವೋ ಎಂದು ಇನ್ನೂ ಯೋಚಿಸುತ್ತಿದ್ದೇನೆ.

ನಾಗಮಂಗಲದ ಅಕ್ಕ ಹೇಳಿದ ಟವೆಲಿನ ಮಾತು ಆಗಾಗ ನೆನಪಾಗುತ್ತದೆ. ಹೋದ ವಾರ ನಮ್ಮ ದೊಡ್ಡ ಹಸುವನ್ನು ಕೊಳ್ಳಲು ಇಬ್ಬರು ಬಂದಿದ್ದರು. ನಾನು ಕೊಟ್ಟಿಗೆಯಲ್ಲೇ ಇದ್ದೆ. ಬೆಲೆಯ ಮಾತು ಬಂದಾಗ ಮೂವರೂ ಹೊಂಗೆ ಮರದ ಆಚೆ ನಡೆದುಹೋದರು. ಬೆಲ್ಲದ ವಿಷಯ ಬೇರೆ, ಹಸುವಿನ ವಿಷಯ ಬೇರೆ ಎಂದು ಕಾಣುತ್ತದೆ.

ಈಗ ಇನ್ನೊಂದು ತೊಂದರೆ. ಈ ಮಳೆಗೆ ಪುಡಿ ಬೆಲ್ಲ ಕವರಿನೊಳಗೇ ಮುದ್ದೆ ಕಟ್ಟುತ್ತಿದೆ, ಮೈಸೂರಿನ ಅಂಗಡಿಯವರು ಎಂಟು ಕೆ.ಜಿ. ಹಿಂದಕ್ಕೆ ಕಳಿಸಿದ್ದಾರೆ. ನೆರಳಿನಲ್ಲಿ ಎರಡು ದಿನ ಆರಿಸಿದರೂ ಸಾಲುತ್ತಿಲ್ಲ. ಮಳವಳ್ಳಿಯ ಅಕ್ಕ, ಹುಳುವಿನ ಮನೆಯಲ್ಲಿ ತೇವ ತಗ್ಗಿಸಲು ನೀವು ಬಳಸುವ ಉಪಾಯ ಏನಾದರೂ ಆಹಾರದ ಕೋಣೆಗೆ ಹೊಂದುತ್ತದೆಯೇ?